ಬ್ರೇಕಕ್ಕ ಬ್ರೇಕ್ ಮರೆತ ದಿನ

ನಮ್ಮೂರಿನಲ್ಲಿ ಕಾರು ಓಡಿಸುವ ಹೆಂಗಸರಲ್ಲಿ ಮುಕ್ಕಾಲು ಪಾಲು ಬ್ರೇಕಕ್ಕನ ಕೈಕೆಳಗೆ ಕಲಿತವರು. ನಾನೂ ಅವರಲ್ಲಿ ಒಬ್ಬಳು. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಚೆನ್ನಾಗಿಯೇ ಇತ್ತು, ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಊರಿಗೆಲ್ಲ ಅವಳು ಬ್ರೇಕಕ್ಕ. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲ ಬುಡದಲ್ಲಿದ್ದ ಎರಡನೆಯ ಬ್ರೇಕಿನ ಮೇಲೆ ಪಾದವಿಟ್ಟುಕೊಂಡು, ಕಣ್ಣು ರಸ್ತೆಯ ಮೇಲಿಟ್ಟು, "ಬ್ರೇಕು... ಬ್ರೇಕು... ಅಮ್ಮಾ ತಾಯಿ, ಬ್ರೇಕು" ಎನ್ನುವಳು. ಅಷ್ಟರಲ್ಲಿ ಕಾರು ನಿಂತಿರುತ್ತಿತ್ತು. ನಾವೇ ನಿಲ್ಲಿಸಿದೆವೆಂದು ನಾವು ಬೀಗುತ್ತಿದ್ದೆವು.

ಅವಳ ಅಪ್ಪ ಆಯುಷ್ಯವೆಲ್ಲ ಬಸ್ಸು ಓಡಿಸಿದವರು. ಕೆಲಸದಿಂದ ಬಿಡುಗಡೆಯಾದ ಮೇಲೆ ಕೈ ಸುಮ್ಮನಿರದೆ, ಮನೆಯ ಮುಂದಿನ ಕೋಣೆಯನ್ನೇ ಡ್ರೈವಿಂಗ್ ಸ್ಕೂಲ್ ಮಾಡಿಕೊಂಡರು. ಊರು ಅವರನ್ನು ಮೇಷ್ಟ್ರು ಎಂದು ಕರೆಯತೊಡಗಿತು. ಮಂಡಿ ನೋವು ಶುರುವಾದಾಗ ಕಾರು ಮಗಳ ಪಾಲಾಯಿತು, ಮೇಜು ಅವರ ಪಾಲಿಗೆ ಉಳಿಯಿತು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇದ್ದದ್ದು ಅಪ್ಪ, ಮಗಳು ಮತ್ತು ಗೋಡೆ ತುಂಬ ರಸ್ತೆಯ ಚಿಹ್ನೆಗಳು.

ಮಗಳಿಗೆ ಮದುವೆಯಾಗಿಲ್ಲವೆಂಬ ಚಿಂತೆ ಅಪ್ಪನಿಗಿಂತ ಹೆಚ್ಚಾಗಿ ಸೋದರತ್ತೆಯನ್ನು ಕಾಡುತ್ತಿತ್ತು. ಆಕೆ ಪಕ್ಕದ ಊರಿನಿಂದ ಫೋನ್ ಮಾಡಿ ಗಂಡುಗಳ ವಿವರ ಒಪ್ಪಿಸುವರು. ಬ್ರೇಕಕ್ಕ ಪ್ರತಿ ಸಲವೂ ಏನಾದರೊಂದು ಕೊಂಕು ತೆಗೆಯುವಳು. ಒಬ್ಬನ ಬಗ್ಗೆಯಂತೂ, ಹಳೇ ಕಾರಿನ ಹಾಗೆ ನಡೆಯುವಾಗ ಎಡಕ್ಕೆ ಎಳೆಯುತ್ತಾನೆ ಎಂದಿದ್ದಳು.

ನಿಜವಾದ ಕಾರಣ ಮುಖ್ಯ ಬೀದಿಯ ಕನ್ನಡಕದ ಅಂಗಡಿಯಲ್ಲಿತ್ತು. ಅಲ್ಲಿ ಕಣ್ಣು ಪರೀಕ್ಷೆ ಮಾಡುವವಳು ಡ್ರೈವಿಂಗ್ ಕಲಿಯಲು ಬಂದವಳು, ಲೈಸೆನ್ಸ್ ಸಿಕ್ಕಿ ಎಷ್ಟೋ ವರ್ಷವಾದರೂ ಅವಳ ಪಾಠ ಮುಗಿದಿರಲಿಲ್ಲ. ಭಾನುವಾರ ಬಂತೆಂದರೆ ಇಬ್ಬರೂ ಕಾರು ಹತ್ತಿ ಹೊರಡುವರು. "ಆ ಹುಡುಗಿ ಇನ್ನೂ ರಿವರ್ಸ್ ಕಲೀಲಿಲ್ವಾ?" ಎಂದು ಮೇಷ್ಟ್ರು ಕೇಳುವರು. "ಕೈ ಕೂತಿಲ್ಲ ಅಪ್ಪಾ" ಎನ್ನುವಳು ಮಗಳು. ಅವರಿಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದರು, ಬಾಳು ಹಂಚಿಕೊಳ್ಳುವ ಪ್ರೀತಿ ಅದು. ಹಂಚಿಕೊಳ್ಳಲು ಒಂದು ಮನೆ ಮಾತ್ರ ಇರಲಿಲ್ಲ.

ಹೀಗಿರುವಾಗ ಊರಿಗೆ ಸಿನಿಮಾದವರು ಬಂದರು. ನಗೆ ಚಿತ್ರ. ಅದರಲ್ಲಿ ಅಂಗಡಿಯವನ ಮಗಳೊಬ್ಬಳು ಇನ್ನೊಬ್ಬ ಹುಡುಗಿಯನ್ನು ಪ್ರೀತಿಸುತ್ತಾಳೆ. ಅದನ್ನು ಮನೆಯಲ್ಲಿ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಒಂದಲ್ಲ ಒಂದು ಎಡವಟ್ಟು. ಮನೆಯವರು ಇವಳು ಪರೀಕ್ಷೆಯಲ್ಲಿ ಫೇಲಾಗಿದ್ದಾಳೆಂದೇ ತಿಳಿದಿರುತ್ತಾರೆ. ಕೊನೆಗೆ ಅಪ್ಪನ ಪಕ್ಕ ಕೂತು ಕಾರು ಕಲಿಯುವಾಗ ಹೇಳಿಬಿಡುತ್ತಾಳೆ. ನಾಯಕಿಗೆ ಕಾರು ಓಡಿಸಲು ಬರುತ್ತಿರಲಿಲ್ಲವಾದ್ದರಿಂದ, ಎರಡು ಬ್ರೇಕಿನ ಕಾರು ಹುಡುಕಿಕೊಂಡು ನಿರ್ದೇಶಕಿ ಮೇಷ್ಟ್ರ ಮೇಜಿನ ಮುಂದೆ ಬಂದು ನಿಂತರು. ಮೇಷ್ಟ್ರು ಕಥೆ ಏನೆಂದು ಕೇಳಲಿಲ್ಲ. "ಗಾಡಿಗೆ ಒಂದು ಗೀರೂ ಬೀಳಬಾರದು" ಎಂದಷ್ಟೇ ಹೇಳಿದರು.

ಅಪ್ಪನ ಪಾತ್ರದ ನಟ ಭಾರಿ ಆಸಾಮಿ. ಬ್ರೇಕು ಒತ್ತಿ ಎಂದರೆ ಕ್ಲಚ್ಚು ಒತ್ತುವರು. ಎರಡು ಸಲ ಕಾರು ಮುಗ್ಗರಿಸಿದ ಮೇಲೆ ನಿರ್ದೇಶಕಿ ಹಣೆ ಚಚ್ಚಿಕೊಂಡು, ಆ ನಟನ ಅಂಗಿ, ಟೋಪಿ ಬಿಚ್ಚಿಸಿ ಬ್ರೇಕಕ್ಕನಿಗೆ ತೊಡಿಸಿದರು. ಕ್ಯಾಮೆರಾ ಹಿಂದಿನ ಸೀಟಿನಲ್ಲಿರುವುದರಿಂದ ಮುಖ ಕಾಣುವುದಿಲ್ಲ. ನಾಯಕಿ ಮಾತು ಮುಗಿಸಿದ ಕೂಡಲೇ, ರಸ್ತೆಯಲ್ಲಿ ಪೇರಿಸಿಟ್ಟ ಖಾಲಿ ರಟ್ಟಿನ ಡಬ್ಬಗಳ ಮುಂದೆ ಕಾರು ನಿಲ್ಲಿಸಬೇಕು. ಅವಳಿಗೆ ಅದು ನೀರು ಕುಡಿದಷ್ಟು ಸುಲಭ.

ಕಾರು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ನಾಯಕಿ, ಕಣ್ಣು ರಸ್ತೆಯಿಂದ ತೆಗೆಯದೆ, ಮೆಲ್ಲಗೆ ಹೇಳಿದಳು: "ಅಪ್ಪಾ, ನಾನು ಒಂದು ಹುಡುಗೀನ ಪ್ರೀತಿಸ್ತೀನಿ. ಬಯ್ಯೋದಾದ್ರೆ ಮನೆಗೆ ಹೋಗಿ ಬಯ್ಯಿ. ಈಗ ಗೇರ್ ಬದಲಾಯಿಸಬೇಕು."

ಬ್ರೇಕಕ್ಕ ಬ್ರೇಕು ಒತ್ತಲಿಲ್ಲ. ಕಾರು ಸೀದಾ ಡಬ್ಬಗಳೊಳಗೆ ನುಗ್ಗಿತು. ರಟ್ಟು ಆಕಾಶಕ್ಕೆ ಹಾರಿತು, ನಾಯಕಿ ಕಿರುಚಿದಳು, ಹಿಂದೆ ಕ್ಯಾಮೆರಾದವನು ಸೀಟಿನಿಂದ ಕೆಳಕ್ಕೆ ಜಾರಿದ. ನಿರ್ದೇಶಕಿ ಓಡಿಬಂದರು, ಬಯ್ಯಲಿಕ್ಕಲ್ಲ. ನಗು ತಡೆಯಲಾರದೆ ಕಿಟಕಿ ಹಿಡಿದು ನಿಂತು, "ಇದೇ ಇರಲಿ, ಇದೇ ಇರಲಿ" ಎಂದರು. "ಕಾಲು ಜಾರಿಬಿಡ್ತು" ಎಂದಳು ಬ್ರೇಕಕ್ಕ. ಕಾಲು ಜಾರಿರಲಿಲ್ಲ. ಬ್ರೇಕಿನ ಮೇಲೆಯೇ ಇತ್ತು.

ಅದೇ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ ಗೆಳತಿಗೆ ಎಲ್ಲ ಹೇಳಿದಳು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೇಳಿದಳು: "ಅಪ್ಪನ ಜಾಗದಲ್ಲಿ ಕೂತಿದ್ಯಲ್ಲ, ಹೇಗನ್ನಿಸ್ತು?"

"ಸಿಟ್ಟೇನೂ ಬರ್ಲಿಲ್ಲ ಕಣೇ. ಪಾಪ, ಇಷ್ಟು ದಿನ ಇದನ್ನ ಒಬ್ಳೇ ಹೊತ್ಕೊಂಡಿದ್ಲಲ್ಲ ಅನ್ನಿಸ್ತು."

"ಮೇಷ್ಟ್ರಿಗೂ ಹಾಗೇ ಅನ್ನಿಸಬಹುದಲ್ಲ?"

"ನಮ್ಮಪ್ಪ ನಿಂಗೆ ಗೊತ್ತಿಲ್ಲ. ಇಂಡಿಕೇಟರ್ ಹಾಕದೆ ತಿರುಗಿದವರನ್ನೇ ಅವರು ಇನ್ನೂ ಕ್ಷಮಿಸಿಲ್ಲ."

ಚಿತ್ರ ತೆರೆಗೆ ಬಂದಾಗ ಊರಿಗೆ ಊರೇ ಟಾಕೀಸಿಗೆ ನುಗ್ಗಿತು. ಕಥೆಯ ವಿಷಯ ಕೇಳಿ ಮೂಗು ಮುರಿದವರೂ ತಮ್ಮ ಬೀದಿ, ತಮ್ಮ ಅಂಗಡಿ ಪರದೆಯ ಮೇಲೆ ಕಾಣುತ್ತದೆಂದು ಬಂದಿದ್ದರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳನ್ನೂ ಅವಳ ಗೆಳತಿಯನ್ನೂ ಕರೆದುಕೊಂಡು ಮುಂಚಿತವಾಗಿಯೇ ಬಂದು ಕೂತರು. ಬ್ರೇಕಕ್ಕ ನಡುವೆ ಕೂತಿದ್ದಳು. ನಾನು ಹಿಂದಿನ ಸಾಲಿನಲ್ಲಿದ್ದೆ. ಅವಳ ಕತ್ತು ಮರದ ಹಲಗೆಯಂತೆ ಸೆಟೆದಿತ್ತು.

ಕಾರಿನ ದೃಶ್ಯ ಬಂತು. ಡಬ್ಬಗಳು ಹಾರಿದವು. ಇಡೀ ಟಾಕೀಸು ಬಿದ್ದು ಬಿದ್ದು ನಕ್ಕಿತು. "ಆ ಟೋಪಿಯೊಳಗೆ ಇರೋದು ನನ್ನ ಮಗಳು" ಎಂದು ಮೇಷ್ಟ್ರು ಅಕ್ಕಪಕ್ಕದವರಿಗೆ ಹೇಳಿದರು. ಸ್ವಲ್ಪ ಹೊತ್ತಿನಲ್ಲೇ ಅವರ ನಗು ನಿಂತಿತು. ಚಿತ್ರ ಮುಗಿಯುವವರೆಗೂ ಹುಬ್ಬು ಗಂಟಿಕ್ಕಿಕೊಂಡೇ ಇದ್ದರು.

ಮನೆಗೆ ಬಂದ ಮೇಲೆ ಶುರುವಾಯಿತು. "ಬ್ರೇಕು ಯಾಕೆ ಒತ್ತಲಿಲ್ಲ?"

"ಸಿನಿಮಾ ಅಪ್ಪಾ ಅದು."

"ಸಿನಿಮಾ ಇರಲಿ. ಒತ್ತಬೇಡ ಅಂತ ಹೇಳಿದ್ರಾ ಅವರು?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳಿಗೆ ಅದು ಬಾಯಿಗೆ ಬರಲಿಲ್ಲ. ಮಾರನೆಯ ದಿನ ಊಟಕ್ಕೆ ಕೂತಾಗ ಅದೇ ಪ್ರಶ್ನೆ. ಅದರ ಮಾರನೆಯ ದಿನ ಬಟ್ಟೆ ಒಣಹಾಕುವಾಗ ಮತ್ತೆ ಅದೇ. ಬೇರೆ ಯಾರಾದರೂ ಆಗಿದ್ದರೆ ಮೇಷ್ಟ್ರು ಬಿಟ್ಟುಬಿಡುತ್ತಿದ್ದರೇನೋ. ಆದರೆ ತಾವು ಕಲಿಸಿದ ಮಗಳು, ಎದುರಿಗೆ ಅಡ್ಡವಿರುವುದು ಕಂಡೂ ಬ್ರೇಕು ಒತ್ತದೆ ಕೂತಳೆಂದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕಲಿಯುವವರು ಯಾರೂ ಬಂದಿರಲಿಲ್ಲ. ಮೇಷ್ಟ್ರು ಚಿಹ್ನೆಗಳ ಹಲಗೆ ಒರೆಸುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದರು: "ಕಣ್ಣಿಗೇನಾದ್ರೂ ತೊಂದರೆ ಇದೆಯಾ? ನನ್ನ ಹತ್ರ ಮುಚ್ಚಿಡಬೇಡ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಕಣ್ಣು ಚೆನ್ನಾಗಿದೆ ಅಪ್ಪಾ. ಆ ಹುಡುಗಿ ಹೇಳಿದ ಮಾತಿಗೆ ಕಾಲು ಆಡಲಿಲ್ಲ. ಆ ಮಾತು ನಾನು ನಿನಗೆ ಹೇಳಬೇಕಾಗಿತ್ತು."

ಒರೆಸುವ ಕೈ ನಿಂತಿತು. ಮೇಷ್ಟ್ರು ತಿರುಗದೆಯೇ ಕೇಳಿದರು: "ಕನ್ನಡಕದವಳಾ?"

"ಹೂಂ."

"ರಿವರ್ಸು?"

"ಅದು ಮೊದಲ ತಿಂಗಳಲ್ಲೇ ಕಲಿತಳು."

ಮೇಷ್ಟ್ರು ಬಟ್ಟೆಯನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಹೊರಗೆ ನಡೆದರು. ಮಂಡಿ ನೋವಿನವರು ಅಷ್ಟು ಬಿರುಸಾಗಿ ನಡೆದದ್ದನ್ನು ಅವಳು ನೋಡಿ ವರ್ಷಗಳಾಗಿದ್ದವು. ಹಿಂದೆ ಹೋಗಲು ಧೈರ್ಯ ಸಾಲಲಿಲ್ಲ. ಗೆಳತಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಎತ್ತುವ ಹಾಗಿರಲಿಲ್ಲ. ಮೇಷ್ಟ್ರು ಅವಳ ಅಂಗಡಿಯಲ್ಲೇ, ಪರೀಕ್ಷೆಯ ಕುರ್ಚಿಯಲ್ಲಿ ಕೂತಿದ್ದರು.

ಅಲ್ಲಿ ನಡೆದದ್ದನ್ನು ಗೆಳತಿಯೇ ಆಮೇಲೆ ನನಗೆ ಹೇಳಿದಳು. ಬಂದವರೇ "ಕಣ್ಣು ನೋಡಮ್ಮಾ" ಎಂದರಂತೆ. ಇವಳು ಗಾಜು ಬದಲಾಯಿಸುತ್ತ, "ಈಗ ಕಾಣುತ್ತಾ ಮೇಷ್ಟ್ರೇ?" ಎಂದರೆ, ಅವರು ಅಕ್ಷರ ಓದುವುದು ಬಿಟ್ಟು ಕೇಳಿದರು: "ಅವಳಿಗೆ ಸಿಟ್ಟು ಬಂದ್ರೆ ಊಟ ಬಿಡ್ತಾಳೆ. ಗೊತ್ತಾ ನಿಂಗೆ?"

"ಗೊತ್ತು ಮೇಷ್ಟ್ರೇ."

"ಏನ್ ಮಾಡ್ತೀಯ?"

"ನಾನೂ ಬಿಡ್ತೀನಿ. ನನ್ನ ಹಸಿವು ನೋಡಲಾರದೆ ಅವಳೇ ತಟ್ಟೆ ತರ್ತಾಳೆ."

ಮೇಷ್ಟ್ರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ನೋಡಮ್ಮಾ, ನಂಗೆ ಇದೆಲ್ಲ ಪೂರ್ತಿ ಅರ್ಥ ಆಗಿಲ್ಲ. ನಿಧಾನಕ್ಕೆ ಅರ್ಥ ಮಾಡ್ಕೋತೀನಿ, ಅವಸರ ಮಾಡಬೇಡಿ. ಆದ್ರೆ ನನ್ನ ಮಗಳು ಭಾನುವಾರಕ್ಕೊಂದು ಸಲ ಕದ್ದು ಮುಚ್ಚಿ ಬದುಕೋದು ಬೇಡ. ಅವಳೇನು ಕಳ್ಳಿಯಾ?"

ಮನೆಗೆ ವಾಪಸಾದವರು ಮಗಳ ಜೊತೆ ಆ ಮಾತೆತ್ತಲಿಲ್ಲ. ನೇರವಾಗಿ ಫೋನ್ ಹಿಡಿದು ತಂಗಿಗೆ ಮಾಡಿದರು. "ಇನ್ಮೇಲೆ ಗಂಡು ಹುಡುಕೋ ಕೆಲಸ ನಿಲ್ಲಿಸು. ಇವಳಿಗೆ ಜೊತೆ ಸಿಕ್ಕಿದೆ... ಯಾರು ಅಂದ್ರೆ? ನಿನ್ನ ಕನ್ನಡಕ ಮಾಡ್ಕೊಟ್ಟವಳೇ." ಆ ಕಡೆಯಿಂದ ಬಹಳ ಹೊತ್ತು ಜೋರು ಮಾತು ಕೇಳಿಬಂತು. ಮೇಷ್ಟ್ರು ಫೋನನ್ನು ಕಿವಿಯಿಂದ ದೂರ ಹಿಡಿದು ಮಗಳ ಕಡೆ ನೋಡಿದರು. ಅವಳು ಕೆನ್ನೆ ಒರೆಸಿಕೊಳ್ಳುತ್ತ ನಗುತ್ತಿದ್ದಳು. ಅತ್ತೆ ಎರಡು ತಿಂಗಳು ಮಾತು ಬಿಟ್ಟರು. ಆಮೇಲೆ ಕನ್ನಡಕದ ಕಡ್ಡಿ ಮುರಿದಾಗ ತಾವಾಗಿಯೇ ಬಂದರು.

ಊರಿನಲ್ಲಿ ಗುಸುಗುಸು ನಡೆಯದೆ ಇರಲಿಲ್ಲ. ಒಂದಿಬ್ಬರು ತಮ್ಮ ಹೆಣ್ಣುಮಕ್ಕಳನ್ನು ಸ್ಕೂಲಿನಿಂದ ಬಿಡಿಸಿದರು. ಆದರೆ ಜನ ಈ ಸಂಗತಿಗೆ ಟಾಕೀಸಿನಲ್ಲಿ ಒಮ್ಮೆ ಮನಸಾರೆ ನಕ್ಕಿದ್ದರಲ್ಲ, ಅದೇ ಜನಕ್ಕೆ ಅದೇ ಬೀದಿಯಲ್ಲಿ ಮುಖ ಸಿಂಡರಿಸುವುದು ಕಷ್ಟವಾಯಿತು.

ಈಗ ಕನ್ನಡಕದವಳು ಅದೇ ಮನೆಯಲ್ಲಿದ್ದಾಳೆ. ಕಳೆದ ವಾರ ಲೈಸೆನ್ಸ್ ನವೀಕರಿಸುವ ನೆಪದಲ್ಲಿ ನಾನು ಬೆಳಿಗ್ಗೆ ಬೆಳಿಗ್ಗೆಯೇ ಹೋಗಿದ್ದೆ. ಒಳಗೆ ಬಚ್ಚಲಿನ ಬಾಗಿಲು ಬಡಿಯುವ ಸದ್ದು. "ಅಷ್ಟು ಹೊತ್ತು ಏನಮ್ಮಾ ಸ್ನಾನ? ಬಿಸಿನೀರು ನಂಗೂ ಸ್ವಲ್ಪ ಇರಲಿ" ಎಂದು ಮೇಷ್ಟ್ರು ಗದರುತ್ತಿದ್ದರು. "ನಿನ್ನೆ ನೀವೇ ಪೂರ್ತಿ ಖಾಲಿ ಮಾಡಿದ್ರಿ ಮೇಷ್ಟ್ರೇ, ಇವತ್ತು ನನ್ನ ಸರದಿ" ಎಂದು ಒಳಗಿನಿಂದ ಉತ್ತರ ಬಂತು. ಬ್ರೇಕಕ್ಕ ಹೆಗಲ ಮೇಲೆ ಟವಲು ಹಾಕಿಕೊಂಡು ಹೊಸ್ತಿಲಲ್ಲಿ ಒರಗಿ ನಿಂತಿದ್ದಳು. ನನ್ನನ್ನು ಕಂಡು, "ಕೂತ್ಕೊಳ್ಳಿ, ಇದು ಈಗಲೇ ಮುಗಿಯೋ ಹಾಗೆ ಕಾಣಲ್ಲ" ಎಂದು ಕುರ್ಚಿ ತೋರಿಸಿದಳು. ಅವಳಿಗೆ ಅದು ಮುಗಿಯುವ ಅವಸರವೇನೂ ಇದ್ದಂತಿರಲಿಲ್ಲ.