ಆಷಾಢದಲ್ಲಿ ಮನೆ ಬಿಡದ ಕಾರು

ಕೃಷ್ಣರಾಜಪುರದ ಹತ್ತಿರ, ಮೇಲ್ಸೇತುವೆ ಇಳಿದ ಕೂಡಲೇ ಸಿಗುವ ಸಿಗ್ನಲ್‌ನಲ್ಲಿ ನಾನು ಸ್ಕೂಟರ್ ನಿಲ್ಲಿಸಿಕೊಂಡಿದ್ದೆ. ಬೆಳಗಿನ ಆಫೀಸಿನ ಹೊತ್ತು. ಪಕ್ಕದಲ್ಲಿ ಒಂದು ಸಣ್ಣ ಕಾರು. ಅದನ್ನು ಓಡಿಸುತ್ತಿದ್ದವರು ಕಿಟಕಿ ಇಳಿಸಿಕೊಂಡು ಬಾಳೆಹಣ್ಣು ತಿನ್ನುತ್ತಿದ್ದರು. ಫುಟ್‌ಪಾತಿಗೂ ಅವರ ಕಾರಿಗೂ ನಡುವೆ ನಾನು ಸಿಕ್ಕಿಕೊಂಡಿದ್ದನ್ನು ನೋಡಿ ಕಾರನ್ನು ಚೂರು ಬಲಕ್ಕೆ ಸರಿಸಿದರು. ಹಣ್ಣು ಹಿಡಿದ ಕೈಯನ್ನೇ ಬೀಸಿ, "ಹೋಗಿ ಹೋಗಿ, ಮುಂದೆ ಜಾಗ ಇದೆ" ಅಂದರು. ನಾನು ಮುಂದೆ ಹೋದೆ. ಆಗ ಹಿಂದಿನಿಂದ ಹಾರನ್ ಕೇಳಿಸಿತು, ನಿಲ್ಲದ ಹಾರನ್. ಬ್ರೇಕ್ ಹಿಡಿಯದ ನೀರಿನ ಟ್ಯಾಂಕರ್ ಸೇತುವೆಯಿಂದ ಇಳಿದು ಬಂದು ಆ ಕಾರನ್ನು ಅದರ ಮುಂದಿದ್ದ ಲಾರಿಗೆ ಒತ್ತಿಬಿಟ್ಟಿತು. ಸ್ವಲ್ಪ ಮುಂಚೆ ನಾನು ನಿಂತಿದ್ದ ಜಾಗದಲ್ಲಿ ಈಗ ಟ್ಯಾಂಕರಿನ ಚಕ್ರವಿತ್ತು.

ಟ್ಯಾಂಕರ್ ಬಿರುಕುಬಿಟ್ಟು ನೀರು ರಸ್ತೆಯ ತುಂಬ ಹರಿಯಿತು. ಅಂಗಡಿಯವನೊಬ್ಬ ಅದು ಒಳಗೆ ನುಗ್ಗದಂತೆ ಪೊರಕೆಯಲ್ಲಿ ತಳ್ಳುತ್ತಿದ್ದ. ಜನ ಸೇರಿ ಕಾರಿನವರನ್ನು ಹೊರಗೆಳೆದು ಆಟೋದಲ್ಲಿ ಹಾಕಿಕೊಂಡು ಹೋದರು. "ಜೀವ ಇದೆ, ಜೀವ ಇದೆ" ಎಂದು ಯಾರೋ ಕೂಗಿದರು. ಯಾವ ಆಸ್ಪತ್ರೆಗೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಆಮೇಲೇನಾಯಿತೋ ನನಗೆ ತಿಳಿಯಲೇ ಇಲ್ಲ.

ಅಂದಿನಿಂದ ಸ್ಕೂಟರ್ ರಾಮಮೂರ್ತಿ ನಗರದ ನನ್ನ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದೆ. ಮೆಟ್ರೋದಲ್ಲಿ ಓಡಾಡಿದೆ. ಆದರೆ ಸ್ಟೇಷನ್ನಿನ ತನಕ ನಡೆಯಲೇಬೇಕಲ್ಲ. ಬೆನ್ನ ಹಿಂದೆ ಹಾರನ್ ಕೇಳಿದರೆ ಕಾಲು ಅಲ್ಲೇ ನಿಂತುಬಿಡುತ್ತಿತ್ತು. ಆಫೀಸಿನಲ್ಲಿ ಮೊದಲೆರಡು ಸಲ ಎಲ್ಲರೂ ಕೇಳಿಸಿಕೊಂಡರು. ಆಮೇಲೆ ನಾನು ಬಾಯಿ ತೆರೆಯುವಷ್ಟರಲ್ಲಿ ಅವರವರು ಕಂಡ ಆಕ್ಸಿಡೆಂಟುಗಳ ಕತೆ ಶುರುವಾಗುತ್ತಿತ್ತು. ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ ಹಣ್ಣು ಹಿಡಿದ ಅದೇ ಕೈ, ಅದೇ ಹಾರನ್.

ಆ ದಿನಗಳಲ್ಲೇ ಹಳೆ ಕಾರುಗಳ ಜಾಹೀರಾತಿನಲ್ಲಿ ಅದನ್ನು ನೋಡಿದ್ದು. ವಿದೇಶಿ ಸ್ಟೇಷನ್ ವ್ಯಾಗನ್. ಮಾಮೂಲಿ ಕಾರಿನಷ್ಟೇ ತಗ್ಗು, ಹಿಂಭಾಗವನ್ನು ಮಾತ್ರ ಯಾರೋ ಹಿಡಿದು ಉದ್ದಕ್ಕೆ ಎಳೆದಂತಿತ್ತು. ಭಾರಿ ಎಂಜಿನ್, ಅದರ ಎಳೆತ ನಾಲ್ಕೂ ಚಕ್ರಕ್ಕೆ, ಎಂಥ ಮಳೆಯಲ್ಲೂ ರಸ್ತೆ ಬಿಡುವುದಿಲ್ಲ ಎಂದು ಬರೆದಿತ್ತು. ಅಂಥದ್ದರೊಳಗೆ ಕೂತರೆ ಯಾವ ಟ್ಯಾಂಕರೂ ನನ್ನನ್ನು ಮುಟ್ಟಲಾರದು ಅನ್ನಿಸಿತು. ಪಕ್ಕದ ಸೀಟಿನ ಸಹೋದ್ಯೋಗಿ ನನ್ನ ಫೋನಿನಲ್ಲಿ ಇಣುಕಿ ನಕ್ಕಳು. "ಒಬ್ಳಿಗೆ ಇಷ್ಟುದ್ದ ಗಾಡಿನಾ? ಹಿಂದ್ಗಡೆ ಡಬಲ್ ಕಾಟ್ ಹಾಕ್ಕೊಂಡು ಅಲ್ಲೇ ಇದ್ಬಿಡೇ, ಬಾಡಿಗೆ ಉಳಿಯತ್ತೆ."

ಮಾರುವವರ ಮನೆ ಹಲಸೂರಿನಲ್ಲಿ, ಕೆರೆಗೆ ಹತ್ತಿರ. ಊರು ಹಳ್ಳಿಯಾಗಿದ್ದಾಗ ಅಲ್ಲೇ ತೋಟ ಮಾಡಿಕೊಂಡಿದ್ದ ಮನೆತನ. ಈಗ ತೋಟದ ಜಾಗದಲ್ಲಿ ಅವರದೇ ಬಾಡಿಗೆ ಮನೆಗಳು. ಯಜಮಾನರಿಗೆ ಐವತ್ತರ ಆಸುಪಾಸು. ಮೋಹಪಟ್ಟು ಕೊಂಡ ಕಾರನ್ನು ಸೊಂಟನೋವಿನಿಂದಾಗಿ ಮಾರುತ್ತಿದ್ದರು. "ಸಖತ್ ಗಾಡಿ ಮೇಡಂ. ಕೂತ್ಕೊಳೋವರ್ಗೂ ಚೆನ್ನಾಗಿರತ್ತೆ. ಏಳ್ಬೇಕಾದ್ರೆ ಇಬ್ರು ಬಂದು ಎತ್ಬೇಕು" ಅಂದರು.

ಕಾರು ಓಡಿಸುವುದನ್ನು ಹಿಂದೆಯೇ ಕಲಿತಿದ್ದೆ. ನಾನು ಕೀ ಕೇಳುವಷ್ಟರಲ್ಲಿ ಅವರ ತಾಯಿ ಹೊರಗೆ ಬಂದರು. ಎಪ್ಪತ್ತು ದಾಟಿದ, ದೊಡ್ಡ ದನಿಯ ಹೆಂಗಸು. "ಆಷಾಢ ಕಣೋ. ಆಷಾಢದಲ್ಲಿ ಗಾಡಿ ಮನೆ ಬಿಡ್ಬಾರ್ದು."

"ಮಾರ್ತಿಲ್ಲಮ್ಮ ಈಗ. ಓಡ್ಸಿ ನೋಡ್ಬೇಕಲ್ವಾ ಅವ್ರು?"

"ನೋಡ್ಲಿ, ನಾನೂ ಕೂತ್ಕೋತೀನಿ. ಮನೆಯೋರು ಒಳಗಿದ್ರೆ ಮನೆ ಬಿಟ್ಟಂಗಾಗಲ್ಲ."

"ನೋಡಿ ಮೇಡಂ, ನಮ್ಮಮ್ಮನ ಲಾ ಪಾಯಿಂಟು" ಎಂದು ಯಜಮಾನರು ಕೈಮುಗಿದರು.

ಹೀಗೆ ಶ್ರಾವಣ ಬರುವವರೆಗೆ ವ್ಯಾಪಾರ ಮುಂದೆ ಹೋಯಿತು. ಸುಮ್ಮನೆ ನಿಂತರೆ ಬ್ಯಾಟರಿ ಇಳಿಯುತ್ತದೆ, ಭಾನುವಾರ ಬಂದು ಸ್ಟಾರ್ಟ್ ಮಾಡಿ ನೋಡುತ್ತಿರಿ, ಆಮೇಲೆ ಯೋಚಿಸಿ ಹೇಳಿ ಎಂದರು ಯಜಮಾನರು.

ಮೊದಲ ಭಾನುವಾರ ಆ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಪಕ್ಕ ಕೂತರು. ಎಂಜಿನ್ ಗುರುಗುಟ್ಟಿತು. ಗೇಟು ತೆರೆದಿತ್ತು. ಹೊರಗೆ ಒಂದು ಬೈಕ್ ಹಾರನ್ ಹೊಡೆದುಕೊಂಡು ಹೋಯಿತು. ನಾನು ಕಿಟಕಿ ಏರಿಸಿ ಎಂಜಿನ್ ಆಫ್ ಮಾಡಿಬಿಟ್ಟೆ. ಅವರು ಕಾರಣ ಕೇಳಿದರು. ಕಿಟಕಿಗಳೆಲ್ಲ ಮುಚ್ಚಿದ ಮೇಲೆ ಆ ಕಾರಿನೊಳಗೆ ಹೊರಗಿನ ಸದ್ದು ಒಂದಿಷ್ಟೂ ಬರುತ್ತಿರಲಿಲ್ಲ. ನಾನು ಮೊದಲಿಂದ ಕೊನೆಯವರೆಗೆ ಹೇಳಿದೆ.

"ಬಾಳೆಹಣ್ಣು ಯಾವ್ದು? ಪಚ್ಚಬಾಳೆನಾ, ಏಲಕ್ಕಿನಾ?"

ಇದನ್ನು ಯಾರೂ ಕೇಳಿರಲಿಲ್ಲ. "ಏಲಕ್ಕಿ" ಅಂದೆ.

"ಪಾಪ. ತಿಂಡಿ ತಿಂದಿರ್ಲಿಲ್ಲ ಅನ್ಸತ್ತೆ" ಅಂದರು. ಆಮೇಲೆ, "ಇವತ್ತಿಗೆ ಇಷ್ಟ್ ಸಾಕು, ಬಾ, ಕಾಫಿ ಆರೋಗತ್ತೆ."

ಮುಂದಿನ ಭಾನುವಾರವೂ ಅಷ್ಟೇ. ಎಂಜಿನ್ ಚಾಲೂ ಮಾಡುವುದು, ಗೇಟಿನ ತನಕ ಹೋಗುವುದು, ಹಿಂದಕ್ಕೆ ಬರುವುದು. ಅದರ ನಡುವೆ ಮಾತು. ಅವರಿಗೆ ಅದೇ ಕತೆಯನ್ನು ಮತ್ತೆ ಹೇಳಬಹುದಿತ್ತು. ಪ್ರತಿ ಸಲ ಮೊದಲ ಸಲ ಕೇಳುವವರಂತೆ ಕೇಳುತ್ತಿದ್ದರು. ವಾರವಿಡೀ ನಾನು ಭಾನುವಾರಕ್ಕೆ ಕಾಯತೊಡಗಿದೆ. ಆಷಾಢ ಮುಗಿಯದಿರಲಿ ಎಂದು ಬಯಸಿದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಕಾರು ಕೊಂಡರೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಕಳಿಸಿಕೊಡುತ್ತಾರೆ, ಗೇಟು ಹಾಕಿಕೊಳ್ಳುತ್ತಾರೆ. ಕೊಳ್ಳದಿದ್ದರೆ ಹೋಗಲು ನೆಪವಿಲ್ಲ. ಎರಡೂ ಒಂದೇ. ಆದರೂ ನಿರ್ಧಾರ ಮಾಡಲೇಬೇಕಿತ್ತು, ಮತ್ತೆ ರಸ್ತೆಗಿಳಿಯುತ್ತೇನೋ ಇಲ್ಲವೋ ಎಂಬುದನ್ನೂ ಅದರ ಜೊತೆಗೇ.

ಆಷಾಢದ ಕೊನೆಯ ಭಾನುವಾರ ಅವರನ್ನು ಪಕ್ಕ ಕೂರಿಸಿಕೊಂಡು ಗೇಟು ದಾಟಿದೆ. ಹೇಗೆ ದಾಟಿದೆನೋ. ಕೆರೆಯ ಪಕ್ಕದಿಂದ ಹಳೆ ಮದ್ರಾಸ್ ರಸ್ತೆಗೆ ಬಂದು ಇಂದಿರಾನಗರದ ಕಡೆಗೆ ತಿರುಗಿಸಿದೆ. ಮಳೆ ಬಂದು ನಿಂತಿತ್ತು. ಪೆಡಲಿನ ಮೇಲೆ ಕಾಲಿನ ಭಾರ ಬಿದ್ದದ್ದೇ ತಡ, ಕಾರು ಹಗ್ಗ ಕಿತ್ತ ಎತ್ತಿನಂತೆ ನುಗ್ಗಿತು. ಬೆನ್ನು ಸೀಟಿಗೆ ಅಂಟಿತು. ಒದ್ದೆ ರಸ್ತೆಯಲ್ಲಿ ಒಂದಿಷ್ಟೂ ಜಾರಲಿಲ್ಲ.

"ನಿಧಾನ ಕಣೇ! ಯಾವ್ ಯಮ ಅಟ್ಟಿಸ್ಕೊಂಡ್ ಬರ್ತಾವ್ನೆ?"

ಎಷ್ಟೋ ದಿನಗಳ ಮೇಲೆ ಜೋರಾಗಿ ನಕ್ಕೆ. ಕೊಂಡುಬಿಡುತ್ತೇನೆ ಎಂದು ಆ ಕ್ಷಣ ತೀರ್ಮಾನಿಸಿದ್ದೆ ಕೂಡ.

ಮುಂದೆ ಸಿಗ್ನಲ್ ಕೆಂಪಾಯಿತು. ನಿಲ್ಲಿಸಿದೆ. ಮುಂದೆ ಬಸ್ಸು, ಎಡಕ್ಕೆ ಆಟೋಗಳು, ಬಲಕ್ಕೆ ಡಿವೈಡರ್. ಹಿಂದೆ ಏನೋ ಬಂದು ನಿಂತ ಸದ್ದಾಯಿತು. ಕನ್ನಡಿ ನೋಡಿದೆ. ನೀರಿನ ಟ್ಯಾಂಕರ್. ಅದರ ಮೂತಿ ಕನ್ನಡಿಯನ್ನಿಡೀ ತುಂಬಿತ್ತು. ಅದು ಸುಮ್ಮನೆ ನಿಂತಿತ್ತು, ಎಲ್ಲ ಗಾಡಿಗಳಂತೆ. ನನ್ನ ಕಾಲ ಕೆಳಗೆ ಅಷ್ಟು ದೊಡ್ಡ ಎಂಜಿನ್, ನಾಲ್ಕು ಚಕ್ರಗಳ ಹಿಡಿತ. ಹೋಗಲು ಒಂದು ಅಡಿ ಜಾಗವಿರಲಿಲ್ಲ. ಆ ಬೆಳಗ್ಗೆ ಆ ಕಾರಿನವರೂ ಹೀಗೆಯೇ ನಿಂತಿದ್ದರು. ಅವರಿಗೆ ಬೇಕಾಗಿದ್ದದ್ದು ಮುಂದೆ ಒಂದಿಷ್ಟು ಖಾಲಿ ಜಾಗ. ಇದ್ದ ಜಾಗವನ್ನು ನನಗೆ ತೋರಿಸಿ ಕಳಿಸಿದ್ದರು.

ನಾನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಪಕ್ಕದಲ್ಲಿದ್ದ ಆ ತಾಯಿ ನನ್ನ ಮುಖ ನೋಡಿದರು, ಹಿಂದೆ ತಿರುಗಿ ಟ್ಯಾಂಕರನ್ನೂ ನೋಡಿದರು. ನನ್ನ ಮೊಣಕೈ ಹಿಡಿದುಕೊಂಡು, "ಹಸ್ರಾಯ್ತು ನೋಡು. ಹೋಗು. ಮನೆಗ್ ಹೋಗೋಣ" ಅಂದರು. ಹೋದೆವು.

ಶ್ರಾವಣ ಬಂದ ಮೇಲೆ ಯಜಮಾನರ ಫೋನ್ ಬಂತು. ಬೇಡ ಅಂದೆ.

"ಯಾಕ್ ಮೇಡಂ, ರೇಟಾ? ಕೂತು ಮಾತಾಡೋಣ ಬನ್ನಿ."

"ರೇಟಲ್ಲ ಸರ್. ಈ ಗಾಡಿಯಿಂದ ನನ್ ಭಯ ಹೋಗಲ್ಲ."

ತಾಯಿ ಫೋನ್ ಕಿತ್ತುಕೊಂಡದ್ದು ಕೇಳಿಸಿತು. "ಬೇಡ ಅಂದ್ಯಂತೆ? ಒಳ್ಳೇದಾಯ್ತು ಬಿಡು, ಅದ್ರಲ್ಲಿ ಕೂತೂ ಕೂತೂ ನನ್ ಮಂಡಿ ಹಿಡ್ಕೊಂಡಿತ್ತು. ಗಾಡಿ ಇಲ್ದಿದ್ರೇನು, ಬಾ ಒಂದ್ ಭಾನುವಾರ."

ಮುಂದಿನ ಭಾನುವಾರವೇ ಹೋದೆ. ದಾರಿಯುದ್ದಕ್ಕೂ ಏನು ಹೇಳಿ ಒಳಗೆ ಹೋಗುವುದು ಎಂದು ಯೋಚಿಸಿದೆ; ಬಾ ಅಂದಿದ್ದಾರಲ್ಲ, ಅಷ್ಟು ಸಾಕು ಎಂದುಕೊಂಡೆ. ಕಾರು ಆಗಲೇ ಮಾರಿಹೋಗಿತ್ತೇನೋ, ಅದು ನಿಲ್ಲುತ್ತಿದ್ದ ಜಾಗದಲ್ಲಿ ಬಾಡಿಗೆಯವರ ಬೈಕುಗಳಿದ್ದವು. ಬಾಗಿಲು ತೆಗೆದವರು ಮನೆಯ ಸೊಸೆ. ಭಾನುವಾರದ ಕಾಫಿಯೆಲ್ಲ ಜಗಲಿಯಲ್ಲೇ ಮುಗಿಯುತ್ತಿದ್ದರಿಂದ ಅವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೈಯಲ್ಲಿ ಹೂವಿನ ದಂಡೆಯಿತ್ತು.

"ಅತ್ತೆ ಗೃಹಪ್ರವೇಶಕ್ಕೆ ಹೋದ್ರಲ್ಲ. ಮಧ್ಯಾಹ್ನ ಒಂದು ಮದ್ವೆ ಇದೆ, ನಾವೂ ಹೊರಟ್ವಿ. ಆಷಾಢದಲ್ಲಿ ಎಲ್ಲ ನಿಂತಿತ್ತು ನೋಡಿ, ಈಗ ಭಾನುವಾರ ಅಂದ್ರೆ ಎರಡೆರಡು ಫಂಕ್ಷನ್ನು. ಅವ್ರಿಗಂತೂ ಎಲ್ಲಾ ಕಡೆ ಹೋಗ್ಲೇಬೇಕು."

ಪರವಾಗಿಲ್ಲ ಅಂದೆ.

"ಬಂದಿದ್ರು ಅಂತ ಹೇಳ್ತೀನಿ. ನಿಮ್ ಹೆಸ್ರು?"

ಆ ಮನೆಯಲ್ಲಿ ಯಾರೂ ನನ್ನ ಹೆಸರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. "ಕಾರು ನೋಡಕ್ಕೆ ಬರ್ತಿದ್ರಲ್ಲ, ಅವ್ರು ಅಂತ ಹೇಳಿ, ಗೊತ್ತಾಗತ್ತೆ" ಅಂದೆ. ಅವರು ಸರಿ ಎಂದು ತಲೆಯಾಡಿಸಿ, ಹೂವು ಮುಡಿದುಕೊಳ್ಳುತ್ತ ಒಳಗೆ ಹೋದರು.