ಪಿತೃಸ್ಥಾನದಲ್ಲಿ ಶೇಷಗಿರಿ ಭಾವ

ಸತ್ತ ಮೇಲೆ ಮನುಷ್ಯ ಏನಾಗುತ್ತಾನೆ ಎಂಬುದು ಲೋಕದ ಎಲ್ಲ ಪ್ರಶ್ನೆಗಳಿಗಿಂತ ಹಳೆಯದು, ಎಲ್ಲಕ್ಕಿಂತ ಗಹನವಾದದ್ದು. ಋಷಿಮುನಿಗಳೇ ಇದರ ಮುಂದೆ ಕಣ್ಣು ಮುಚ್ಚಿ ಕೂತುಬಿಟ್ಟರು. ನನಗೆ ಮೊನ್ನೆ ಇದನ್ನು ಕೇಳಿದವಳು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಾಳೆಎಲೆ ಮಾರುವ ಹೆಂಗಸು. "ದೇವರ ಕಾರ್ಯಕ್ಕೋ, ತಿಥಿಗೋ?" ಎಂದಳು. ಹಿಂದೆ ಇಬ್ಬರು ಗಿರಾಕಿಗಳು ನಿಂತಿದ್ದರು, ಪಕ್ಕದಲ್ಲಿ ಒಂದು ಆಟೋ ಹಾರನ್ ಹೊಡೆಯುತ್ತಿತ್ತು. ಕಣ್ಣು ಮುಚ್ಚಿ ಕೂರಲು ಜಾಗವಿರಲಿಲ್ಲ. ಊಟಕ್ಕೆ ಎಂದೆ. "ಎಲ್ಲಾನೂ ಊಟಕ್ಕೇ ಸ್ವಾಮಿ" ಎಂದು ಎರಡು ಕುಡಿ ಎಲೆ ಸುತ್ತಿ, ಮೇಲೆ ನೀರು ಚಿಮುಕಿಸಿ ಕೊಟ್ಟಳು.

ನೀರು ಬಿದ್ದ ಬಾಳೆಎಲೆಯ ವಾಸನೆ ನಿಮಗೂ ಗೊತ್ತಿರುತ್ತದೆ. ಅದು ಮೂಗಿಗೆ ಬಿದ್ದರೆ ಕೆಲವರಿಗೆ ಮದುವೆಮನೆ ನೆನಪಾಗುತ್ತದೆ, ಕೆಲವರಿಗೆ ಹಬ್ಬ. ನನಗೆ ಶೇಷಗಿರಿ ಭಾವ ನೆನಪಾಗುತ್ತಾರೆ. ಆ ದಿನವಂತೂ ನೆನಪಾಗದೆ ದಾರಿಯೇ ಇರಲಿಲ್ಲ. ಹಿಂದಿನ ಸಂಜೆ ಭದ್ರಾವತಿಯಿಂದ ಅಕ್ಕ ಫೋನ್ ಮಾಡಿದ್ದಳು. ಅವರು ಹೋಗಿ ನಾಳೆಗೆ ವರ್ಷ, ಎರಡು ಕುಡಿ ಎಲೆ ತಗೊಂಡು ಬಾ, ಬೆಳಿಗ್ಗೆ ಏನೂ ತಿನ್ನಬೇಡ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಎಲೆ, ಉಪವಾಸ, ವರ್ಷ. ಇಷ್ಟು ಕೂಡಿಸಿದರೆ ಏನಾಗುತ್ತದೆ ಎಂದು ತಿಳಿಯದಷ್ಟು ದಡ್ಡನಲ್ಲ ನಾನು. ಅಕ್ಕ ತಿಥಿ ಮಾಡಲು ಹೊರಟಿದ್ದಳು. ಅದನ್ನು ಮಾಡಗೊಡುವುದಿಲ್ಲವೆಂದು ನಾನು ಭಾವನಿಗೆ ಮಾತು ಕೊಟ್ಟಿದ್ದೆ.

ಭಾವ ನಾಸ್ತಿಕರು. ನಾನೂ ನಾಸ್ತಿಕನೇ, ಆದರೆ ಅವರ ದರ್ಜೆಯವನಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಂಸ್ಕೃತ ಕಲಿಸಿದವನು ನಾನು. ನನ್ನ ನಂಬಿಕೆ ಇಪ್ಪತ್ತೆರಡನೆಯ ವಯಸ್ಸಿನಲ್ಲೇ ಹೋಗಿತ್ತು, ಆದರೆ ಅದನ್ನು ಯಾರಿಗೂ ತಿಳಿಸಿರಲಿಲ್ಲ. ತಿಳಿಸಿದರೆ ಮನೆಯಲ್ಲಿ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ಕಾಫಿ ತಡವಾಗುತ್ತದೆ. ಭಾವ ಹಾಗಲ್ಲ. ಕಾಗದದ ಕಾರ್ಖಾನೆಯ ಲ್ಯಾಬಿನಲ್ಲಿ ಬಿದಿರಿನ ತಿರುಳನ್ನು ಪರೀಕ್ಷೆ ಮಾಡುವ ಕೆಲಸ ಅವರದು. ಪರೀಕ್ಷೆ ಮಾಡದೆ ಏನನ್ನೂ ಒಪ್ಪುತ್ತಿರಲಿಲ್ಲ, ಒಪ್ಪದ್ದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಮದುವೆಯಾದ ವಾರದಲ್ಲೇ, ದೇವರು ಆತ್ಮ ಎರಡೂ ತನ್ನ ಲೆಕ್ಕದಲ್ಲಿ ಇಲ್ಲ, ನಿನ್ನ ಲೆಕ್ಕದಲ್ಲಿ ಇದ್ದರೆ ಅಡ್ಡಿಯಿಲ್ಲ ಎಂದು ಅಕ್ಕನಿಗೆ ಹೇಳಿಬಿಟ್ಟಿದ್ದರಂತೆ. ಅಕ್ಕ ಸರಿ ಎಂದು ದೀಪ ಹಚ್ಚಲು ಒಳಗೆ ಹೋದಳಂತೆ. ನಲವತ್ತು ವರ್ಷದ ಸಂಸಾರದ ಕರಾರು ಅಷ್ಟೇ.

ಇಂಥ ಮನುಷ್ಯ ಮೂವತ್ತು ವರ್ಷ ಬ್ರಾಹ್ಮಣಾರ್ಥಕ್ಕೆ ಕೂತರು ಎಂದರೆ ನೀವು ನಂಬಲಾರಿರಿ. ಬ್ರಾಹ್ಮಣಾರ್ಥವೆಂದರೆ ಗೊತ್ತಲ್ಲ: ತಿಥಿಯ ದಿನ ಸತ್ತವರ ಸ್ಥಾನದಲ್ಲಿ ಒಬ್ಬ ಬ್ರಾಹ್ಮಣನನ್ನು ಮಣೆ ಹಾಕಿ ಕೂರಿಸಿ, ಕಾಲು ತೊಳೆದು, ಹೊಟ್ಟೆತುಂಬ ಬಡಿಸುತ್ತಾರೆ, ಅವನು ಉಂಡರೆ ಹೋದವರು ಉಂಡ ಹಾಗೆ. ಭಾವ ಆಗ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದರು. ಒಂದು ಬೆಳಿಗ್ಗೆ ಪುರೋಹಿತರಾದ ನಂಜುಂಡ ಭಟ್ಟರು ಓಡಿಬಂದರು. ಹಿಂದಿನ ಲೈನಿನ ಮನೆಯಲ್ಲಿ ಅಡುಗೆಯೆಲ್ಲ ಆಗಿದೆ, ಕೂರಬೇಕಾಗಿದ್ದವನಿಗೆ ಜ್ವರ, ಒಬ್ಬರು ಬೇಕು. ಭಾವನಿಗೆ ಆ ದಿನ ಸೆಕೆಂಡ್ ಶಿಫ್ಟು. ಮೇಲಾಗಿ ಹಸಿದಿದ್ದರು. ಹೋಗಿ ಕೂತರು.

ಬ್ರಾಹ್ಮಣಾರ್ಥಕ್ಕೆ ಯಾರು ಯಾರು ಕೂರಬಾರದು ಎಂದು ಶಾಸ್ತ್ರ ಉದ್ದನೆಯ ಪಟ್ಟಿ ಕೊಡುತ್ತದೆ. ಅದರಲ್ಲಿ ನಾಸ್ತಿಕನಿಗೆ ಗೌರವದ ಸ್ಥಾನವಿದೆ. ಇದು ಭಟ್ಟರಿಗೆ ತಿಳಿಯದ್ದೇನಲ್ಲ. ನಾನೇ ಒಮ್ಮೆ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಹೀಗಿತ್ತು: "ಆಸ್ತಿಕರಿಗೆ ಹತ್ತೂವರೆ ಅಂದ್ರೆ ಹನ್ನೆರಡಕ್ಕೆ ಬರ್ತಾರೆ. ಇವನು ಹತ್ತಕ್ಕೇ ಸ್ನಾನ ಮಾಡಿ ಮಡಿಪಂಚೆ ಉಟ್ಟು ಬಂದು ಕೂತಿರ್ತಾನೆ. ಪಿತೃಗಳಿಗೆ ಹಸಿವು ಮುಖ್ಯವೋ, ಸಿದ್ಧಾಂತ ಮುಖ್ಯವೋ, ನೀನೇ ಹೇಳು." ಭಾವ ದಕ್ಷಿಣೆಯನ್ನೂ ಮುಟ್ಟುತ್ತಿರಲಿಲ್ಲ. ಹೀಗಾಗಿ ಕಾಗದನಗರದಿಂದ ಓಲ್ಡ್ ಟೌನಿನವರೆಗೆ ಅವರ ಖ್ಯಾತಿ ಹಬ್ಬಿತು. ಪಕ್ಷಮಾಸದಲ್ಲಿ ಅಕ್ಕ ಹದಿನೈದು ದಿನ ಮಧ್ಯಾಹ್ನದ ಅಕ್ಕಿಯನ್ನು ಒಬ್ಬಳಿಗೇ ಅಳೆಯುತ್ತಿದ್ದಳು.

ಒಮ್ಮೆ ಓಲ್ಡ್ ಟೌನಿನ ಒಂದೇ ಬೀದಿಯಲ್ಲಿ ಎರಡು ಮನೆಯಲ್ಲಿ ತಿಥಿ. ಎರಡಕ್ಕೂ ನೀಲಿ ಗೇಟು. ಭಾವ ಕರೆಯದ ಮನೆಗೆ ಹೋಗಿ ಕೂತರು. ಆ ಮನೆಯವರು ತಮ್ಮ ಭಟ್ಟರು ಕಳಿಸಿದ ಜನ ಎಂದುಕೊಂಡು ಕಾಲು ತೊಳೆದರು, ಮಂತ್ರವಾಯಿತು, ಊಟವಾಯಿತು. ಕೈ ತೊಳೆಯುವಾಗ ಆಚೆಮನೆಯಿಂದ ಜನ ಹುಡುಕಿಕೊಂಡು ಬಂದರು. ಭಾವ ಕೂಡಲೇ ಇನ್ನೊಂದು ಸ್ನಾನ ಮಾಡಿ ಅಲ್ಲೂ ಕೂತು ಉಂಡರು. ಎರಡು ದಿನ ಶುಂಠಿ ಕಷಾಯದ ಮೇಲಿದ್ದು ನನಗೆ ಹೇಳಿದ್ದು: "ಒಂದೇ ದಿನ ಇಬ್ಬರ ಅಪ್ಪ ಆದೆ ಮಾರಾಯ. ಇಬ್ಬರಲ್ಲಿ ಒಬ್ಬರಾದ್ರೂ ತಕರಾರು ತೆಗೀಬೇಕಿತ್ತಲ್ಲ, ತಪ್ಪು ವಿಳಾಸ ಅಂತ." ತೆಗೆದಿರಲಿಲ್ಲ. ಭಾವನ ಮಟ್ಟಿಗೆ ಅದು ಪ್ರಯೋಗದ ಫಲಿತಾಂಶ.

ಆತ್ಮದ ವಿಚಾರದಲ್ಲಿ ಅವರಿಗೂ ಭಟ್ಟರಿಗೂ ನಡೆಯುತ್ತಿದ್ದ ವಾದಗಳು ಆಚಾರ್ಯರ ಮಟ್ಟದವಲ್ಲದಿದ್ದರೂ ಕೇಳಲು ಹಿತವಾಗಿದ್ದವು. ಫ್ಯಾನ್ ನಿಂತ ಮೇಲೆ ತಿರುಗಾಟ ಎಲ್ಲಿಗೆ ಹೋಯಿತು ಎಂದು ಯಾರಾದರೂ ಕೇಳುತ್ತಾರೆಯೇ, ಜೀವವೂ ಹಾಗೆಯೇ ಎಂದು ಭಾವ ಹೇಳುವರು. ಫ್ಯಾನ್ ನಿಂತರೂ ಕರೆಂಟು ಇರುತ್ತದಲ್ಲ ಎಂದು ಭಟ್ಟರು ಎಲೆಯಡಿಕೆ ಕವಳದ ಬಾಯಲ್ಲಿ ನಗುವರು. "ಭದ್ರಾವತೀಲಿ ಅದೂ ಇರಲ್ಲ ಭಟ್ರೇ" ಎಂದು ಭಾವ ಮುಗಿಸುವರು.

ಆದರೆ ಒಂದು ಸಂಗತಿಯನ್ನು ಅವರು ಭಟ್ಟರಿಗೆ ಎಂದೂ ಹೇಳಲಿಲ್ಲ, ನನಗೆ ಹೇಳಿದರು. ಕ್ವಾರ್ಟರ್ಸಿನ ಒಬ್ಬ ಮುದುಕಿಯ ಗಂಡನ ತಿಥಿ. ಮಗ ಕರ್ಮ ಮಾಡುತ್ತಿದ್ದ, ಸೊಸೆ ಬಡಿಸುತ್ತಿದ್ದಳು. ಭಾವನಿಗೆ ಆಗಲೇ ಸಕ್ಕರೆ ಕಾಯಿಲೆ. ಎರಡನೆಯ ಸಲ ಪಾಯಸ ಬಂದಾಗ ಕೈ ಅಡ್ಡ ಹಿಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮುದುಕಿ ಮೆಲ್ಲಗೆ, ಅವರು ಪಾಯಸ ಬೇಡ ಅಂದವರೇ ಅಲ್ಲ ಎಂದಳಂತೆ. ಯಾರಿಗೂ ಹೇಳಿದ್ದಲ್ಲ, ತನಗೇ ಹೇಳಿಕೊಂಡದ್ದು. ಭಾವ ಕೈ ತೆಗೆದರು. ಆಮೇಲೆ ಮುದುಕಿಯೇ ಬಂದು ನಾಲ್ಕು ಸಲ ಬಡಿಸಿದಳು, ನಾಲ್ಕು ಸಲವೂ ಉಂಡರು.

ಹಾಗಾದರೆ ಯಾರೋ ಬಂದಿದ್ದರು ಎನ್ನಿ ಎಂದು ನಾನು ಕೆಣಕಿದೆ.

"ನನ್ನೊಳಗೆ ಯಾರೂ ಬರಲಿಲ್ಲ ಮಾರಾಯ. ಮೂವತ್ತು ವರ್ಷ ಕೂತಿದೀನಿ, ಒಂದು ದಿನ ಒಬ್ಬರೂ ಬಂದಿಲ್ಲ. ಆದ್ರೆ ಬಡಿಸೋರಿಗೆ ಎದುರಿಗೆ ಒಬ್ಬರು ಬೇಕು. ಅಷ್ಟಕ್ಕೆ ನಾನು ಸಾಕು."

ಅವರಿಗೆ ಮಕ್ಕಳಿರಲಿಲ್ಲ. ಭದ್ರಾವತಿಯ ಅರ್ಧ ಊರಿಗೆ ಅಪ್ಪನಾಗಿ ಕೂತು ಕಾಲು ತೊಳೆಸಿಕೊಂಡರು ಎಂಬುದನ್ನು ಈಗ ಬರೆಯುವಾಗ ಪಕ್ಕಪಕ್ಕ ಇಡುತ್ತಿದ್ದೇನೆ. ಅವರಿದ್ದಾಗ ನನಗೆ ಹೊಳೆದಿರಲಿಲ್ಲ. ಹೊಳೆದು ಹೇಳಿದ್ದರೆ ಬೈಸಿಕೊಳ್ಳುತ್ತಿದ್ದೆ.

ಹೋಗುವುದಕ್ಕೆ ಎರಡು ತಿಂಗಳು ಮುಂಚೆ ನನ್ನನ್ನು ಕರೆಸಿ, ದೇಹವನ್ನು ಶಿವಮೊಗ್ಗದ ಮೆಡಿಕಲ್ ಕಾಲೇಜಿಗೆ ಕೊಡುವ ಅರ್ಜಿಗೆ ಸಾಕ್ಷಿ ಹಾಕಿಸಿದರು. ಆಮೇಲೆ ಅಕ್ಕ ಹಾಲು ತರಲು ಹೋದ ಹೊತ್ತು ನೋಡಿ ಮಾತು ತೆಗೆದುಕೊಂಡರು. ಯಾವ ಕರ್ಮವೂ ಬೇಡ. ಮುಖ್ಯವಾಗಿ ನನ್ನ ಹೆಸರಿನಲ್ಲಿ ಯಾರನ್ನೂ ಎಲೆಯ ಮುಂದೆ ಕೂರಿಸಬೇಡ ಎಂದರು. ಊರಿಗೆಲ್ಲ ಕೂತವರು ನೀವು, ನಿಮಗೆ ಯಾಕೆ ಬೇಡ ಎಂದೆ.

"ಊರವರ ಮುಂದೆ ಅವರ ಅಪ್ಪ ಅಂತ ಕೂತೆ, ಅದು ನಾಟಕ, ಪರವಾಗಿಲ್ಲ. ಇವಳ ಹತ್ರ ಮಾತ್ರ ನಲವತ್ತು ವರ್ಷ ಒಂದು ಸುಳ್ಳು ಹೇಳಿಲ್ಲ. ಸತ್ತ ಮೇಲೆ ಯಾರನ್ನೋ ಕೂರಿಸಿ, ಇವನೇ ನಿನ್ನ ಗಂಡ ಅಂತ ಹೇಳಿಸಬೇಡ."

ಆಗಲಿ ಎಂದೆ. ಹಾಗೆಯೇ ನಡೆಯಿತು. ಕಾಲೇಜಿನ ಗಾಡಿ ಬಂತು, ಒಂದು ರಸೀತಿ ಕೊಟ್ಟರು, ಗಾಡಿ ಹೋಯಿತು. ಬೆಂಕಿಯಿಲ್ಲ, ಬೂದಿಯಿಲ್ಲ, ಹತ್ತನೆಯ ದಿನವಿಲ್ಲ. ಅಕ್ಕ ಒಂದು ಮಾತೂ ಎತ್ತಲಿಲ್ಲ. ತಿಂಗಳ ಮೇಲೆ ಒಂದು ದಿನ ಮಾತ್ರ, ಈಗ ಅವರು ಎಲ್ಲಿರಬಹುದು ಎಂದು ಕೇಳಿದಳು. ನಾನು ಗಂಟಲು ಸರಿಮಾಡಿಕೊಂಡು, ಅನಾಟಮಿ ವಿಭಾಗದಲ್ಲಿ, ಎರಡನೆಯ ಮಹಡಿ ಎಂದೆ. ಯೋಚಿಸಿ ನೋಡಿ: ಆಸ್ತಿಕರಲ್ಲಿ ಒಬ್ಬರಾದರೂ ತಮ್ಮವರ ವಿಳಾಸವನ್ನು ಇಷ್ಟು ಖಚಿತವಾಗಿ ಹೇಳಬಲ್ಲರೇ? ಅಕ್ಕನಿಗೆ ಈ ಸೌಲಭ್ಯದಿಂದ ಸಮಾಧಾನವಾದಂತೆ ಕಾಣಲಿಲ್ಲ. ವರ್ಷ ಕಳೆಯುವುದರಲ್ಲಿ ಅವಳು ಅರ್ಧ ಆಗಿದ್ದಳು. ಏನು ಅಡುಗೆ ಎಂದು ಕೇಳಿದರೆ, ಒಬ್ಬಳಿಗೆ ಏನು ಅಡುಗೆ ಎನ್ನುವಳು. ಬೆಳಗಿನ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ರಾತ್ರಿಯವರೆಗೆ ತಳ್ಳುತ್ತಿದ್ದಳು.

ಹೀಗೆ ಮೊನ್ನೆ ಎಲೆ ಹಿಡಿದು ಭದ್ರಾವತಿಯ ಬಸ್ಸಿನಲ್ಲಿ ಕೂತವನಿಗೆ ಎರಡು ಕಡೆಯೂ ಸಂಕಟ. ಕೂರು ಎಂದರೆ ಕೂರಬೇಕೆ? ಕೂತರೆ ಭಾವನಿಗೆ ದ್ರೋಹ. ಕೂರದಿದ್ದರೆ ಒಂದು ವರ್ಷದಲ್ಲಿ ಮೊದಲ ಸಲ ಒಲೆಯ ಮುಂದೆ ಕೂತ ಅಕ್ಕನನ್ನು ಎಬ್ಬಿಸಿದ ಪಾಪ. ಪಾಪ ಪುಣ್ಯ ಎರಡನ್ನೂ ಒಪ್ಪದವನಿಗೆ ಇಂಥ ಸಂದರ್ಭದಲ್ಲಿ ಹಿಡಿಯಲು ಕೊಂಬೆಯೇ ಇರುವುದಿಲ್ಲ. ದಾರಿಯುದ್ದಕ್ಕೂ ಒಂದು ಭಾಷಣ ತಯಾರಿಸಿದೆ. ಮೂವತ್ತು ವರ್ಷದ ಮೇಷ್ಟ್ರುಗಿರಿ, ಚೆನ್ನಾಗಿಯೇ ಬಂದಿತ್ತು.

ಭಾವ ರಿಟೈರಾದ ಮೇಲೆ ಓಲ್ಡ್ ಟೌನಿನಲ್ಲಿ ಹಿಡಿದಿದ್ದ ಪುಟ್ಟ ಬಾಡಿಗೆ ಮನೆಯ ಬಾಗಿಲಲ್ಲೇ ಎಳ್ಳು ಹುರಿದ ವಾಸನೆ. ಒಳಗೆ ಒಂದು ಮಣೆ, ಅದರ ಮುಂದೆ ನೆಲ ಒರೆಸಿ ಸಿದ್ಧ. ಭಟ್ಟರಿಲ್ಲ, ದರ್ಭೆಯಿಲ್ಲ. ಅಕ್ಕ ತಲೆಗೆ ಸ್ನಾನ ಮಾಡಿ ವಡೆ ಕರಿಯುತ್ತಿದ್ದಳು. ನಾನು ನಿಂತಲ್ಲೇ ಭಾಷಣ ಶುರುಮಾಡಿದೆ. ಭಾವ ಹೀಗೆ ಹೇಳಿದ್ದರು, ನಾನು ಹಾಗೆ ಒಪ್ಪಿದ್ದೆ ಎನ್ನುವಷ್ಟರಲ್ಲಿ ಅಕ್ಕ ಜಾಲರಿಯ ಎಣ್ಣೆ ಸೋರಿಸುತ್ತ ತಿರುಗಿದಳು.

"ನನಗೇನು ಗೊತ್ತಿಲ್ವಾ? ನಾನು ಹಾಲಿಗೆ ಹೋಗಿದ್ದೆ ಅಂದ್ಕೊಂಡ್ರಾ ಇಬ್ರೂ? ಬಾಗಿಲ ಹಿಂದೇನೇ ಇದ್ದೆ. ಯಾರನ್ನೂ ಕೂರಿಸಬೇಡ ಅಂದ್ರು, ಅಷ್ಟೇ ತಾನೇ? ಕೂರಿಸಲ್ಲ. ನಾನೇ ಕೂರ್ತೀನಿ. ನೀನು ಬಡಿಸು."

ನನಗೆ ಅರ್ಥವಾಗಲಿಲ್ಲ. ಹೆಂಗಸು ಬ್ರಾಹ್ಮಣಾರ್ಥಕ್ಕೆ ಕೂರುವುದೇ? ಶಾಸ್ತ್ರ ಆ ಉದ್ದನೆಯ ಪಟ್ಟಿಯಲ್ಲಿ ಇದನ್ನು ಹೆಸರಿಸುವ ಗೋಜಿಗೂ ಹೋಗಿಲ್ಲ. ಅಂಥ ಯೋಚನೆ ಯಾರಿಗಾದರೂ ಬಂದೀತೆಂದು ಅದಕ್ಕೆ ಹೊಳೆದಿರಲಾರದು. ಅಕ್ಕ ಬೆಂಕಿ ಆರಿಸಿ, ಕೈ ಒರೆಸಿಕೊಂಡು, ನಾನು ತಂದ ಎಲೆ ಹಾಸಿ ಮಣೆಯ ಮೇಲೆ ಕೂತೇಬಿಟ್ಟಳು.

"ಮೂವತ್ತು ವರ್ಷ ಕೂತು ಯಾರೂ ಬರಲ್ಲ ಅಂದ್ರು. ಅವರ ಮಾತು ಅವರದು. ನಾನೂ ಒಂದ್ಸಲ ಕೂತು ನೋಡ್ತೀನಿ."

ಅರವತ್ತು ದಾಟಿದ ಈ ವಯಸ್ಸಿನವರೆಗೆ ನಾನು ಯಾರಿಗೂ ಬಡಿಸಿದವನಲ್ಲ. ತೊವ್ವೆ ಎಲೆಯಾಚೆ ಹರಿಯಿತು, ಉಪ್ಪಿನ ಜಾಗದಲ್ಲಿ ಪಲ್ಯ ಕೂತಿತು. ಅಕ್ಕ ತಿದ್ದಲಿಲ್ಲ. ಸುಮ್ಮನೆ, ಪರೀಕ್ಷೆಗೆ ಕೂತವರ ಹಾಗೆ, ಒಂದೊಂದೇ ತುತ್ತು ಉಂಡಳು. ಬಗ್ಗಿ ಬಡಿಸುವವನಿಗೆ ಎದುರಿನವರ ಮುಖ ಕಾಣುವುದಿಲ್ಲ, ಎಲೆ ಮತ್ತು ಕೈ ಮಾತ್ರ ಕಾಣುತ್ತವೆ. ಇದು ನನಗೆ ಗೊತ್ತಿರಲಿಲ್ಲ. ವಡೆಯ ಪಾತ್ರೆ ತಂದಾಗ ಅಕ್ಕ ಸಾಕೆಂದು ಕೈ ಅಡ್ಡ ಹಿಡಿದಳು.

"ಇನ್ನೊಂದು ಹಾಕಿಸ್ಕೊಳ್ಳಿ ಭಾವ" ಎಂದೆ.

ಅಂದ ಮೇಲೆ ನನಗೇ ಕೇಳಿಸಿತು. ಪಾತ್ರೆ ಹಿಡಿದು ಹಾಗೇ ಬಗ್ಗಿ ನಿಂತೆ. ಅಕ್ಕ ತಲೆ ಎತ್ತಲಿಲ್ಲ. ಎಲೆಯ ಮೇಲಿಂದ ಕೈ ತೆಗೆದಳು. ವಡೆ ಹಾಕಿದೆ, ಉಂಡಳು. ಇನ್ನೊಂದು ಹಾಕಿದೆ, ಅದನ್ನೂ ಉಂಡಳು. ಕಣ್ಣಿಂದ ಇಳಿದದ್ದನ್ನು ಎಡಗೈಯ ಹಿಂಬದಿಯಲ್ಲಿ ಒರೆಸಿಕೊಂಡಳೇ ಹೊರತು ಊಟ ನಿಲ್ಲಿಸಲಿಲ್ಲ. ಒಂದು ವರ್ಷ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಉಣ್ಣುವಾಗ ಅಳಬಾರದು ಎಂದು ಬೈಯುತ್ತಿದ್ದ ನಮ್ಮಮ್ಮ ಅಲ್ಲಿರಲಿಲ್ಲ; ಬೇರೆ ಯಾರೂ ಇರಲಿಲ್ಲ.

ಮಜ್ಜಿಗೆಯೂ ಆದ ಮೇಲೆ ಅಕ್ಕ ಬೆರಳು ಚೀಪಿ ಎಲೆ ನೋಡಿದಳು. ಮತ್ತೆ, ವರದಿ ಒಪ್ಪಿಸುವವರ ದನಿಯಲ್ಲಿ, "ಯಾರೂ ಬರಲಿಲ್ಲ ಕಣೋ. ಅವರು ಹೇಳಿದ್ದು ನಿಜ" ಎಂದಳು. ಆ ಮಾತಿನಲ್ಲಿ ಸೋಲು ಇರಲಿಲ್ಲ. ನಲವತ್ತು ವರ್ಷ ಒಬ್ಬ ಮನುಷ್ಯನ ಮಾತನ್ನು ನಂಬಿದ್ದು ತಪ್ಪಾಗಲಿಲ್ಲ ಎಂಬಂತೆ ಇತ್ತು. ಏಳುತ್ತ ನನ್ನ ಕಡೆ ನೋಡಿದಳು.

"ನಿನಗೆ ಕಂಡ್ರಾ?"

ನಾನು ಪಾತ್ರೆ ಒಳಗಿಡಲು ಹೋದೆ. ಭಾವನಷ್ಟು ಗಟ್ಟಿ ನಾಸ್ತಿಕ ನಾನಲ್ಲವೆಂದು ಮೊದಲೇ ಹೇಳಿದ್ದೇನೆ.

ಅಕ್ಕ ಎಲೆ ಎತ್ತಿ, ನೆಲ ಒರೆಸಿ, ಎರಡನೆಯ ಎಲೆ ಹಾಕಿ ನನಗೆ ಬಡಿಸಿದಳು. ವಡೆ ಉಳಿದಿರಲಿಲ್ಲ.