ಹುಣಸೆ ಮರದ ಪೊಟರೆ

ನಮ್ಮ ಅತ್ತೆ ನೀಲವ್ವ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ದೇವರ ಮುಖವನ್ನಲ್ಲ, ಗೂಗೆ ಕಾರಿದ ಉಂಡೆಗಳನ್ನು. ಇರಕಲ್ಲಗಡದ ನಮ್ಮ ಹಿತ್ತಲಿನಲ್ಲಿ ಒಂದು ಮುದಿ ಹುಣಸೆ ಮರವಿತ್ತು, ಅದರ ಪೊಟರೆಯಲ್ಲಿ ಒಂದು ಜೋಡಿ ಗೂಗೆ. ತಿಂದ ಇಲಿಯ ಅರಗದ ಕೂದಲನ್ನೂ ಎಲುಬನ್ನೂ ಅವು ಉಂಡೆ ಮಾಡಿ ಕಾರುತ್ತಿದ್ದವು. ಅತ್ತೆ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಒಂದೊಂದನ್ನೇ ಬಿಡಿಸಿ, ಹುಣಸೆ ಬೀಜಕ್ಕಿಂತ ತುಸು ದೊಡ್ಡದಾದ ತಲೆಬುರುಡೆಗಳನ್ನು ಸಾಲಾಗಿ ಇಡುತ್ತಿದ್ದಳು. "ಇವತ್ತ ಐದು ಅದಾವ ನೋಡು. ಭಾಳ ಛಲೋ ಮಕ್ಕಳು," ಎಂದು ಮೇಲೆ ನೋಡಿ ಹೊಗಳುತ್ತಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಎಂಥ ಮನೆಗೆ ಕೊಟ್ಟರಪ್ಪಾ ಎಂದುಕೊಂಡಿದ್ದೆ!

ಅಂಗಳದಲ್ಲಿ ನೆಲ ತೋಡಿ ಮಾಡಿದ ಹಗೇವಿನಲ್ಲಿ ವರ್ಷದ ಜೋಳ ಇರುತ್ತಿತ್ತು. ಅದಕ್ಕೆ ಗೂಗೆಗಳೇ ಕಾವಲು ಎನ್ನುವುದು ಅತ್ತೆಯ ಲೆಕ್ಕ. ಮೇವಿನ ಬಣವೆಯಲ್ಲಿದ್ದ ಕೇರೆಹಾವಿಗೂ ಯಾರೂ ಕೋಲು ಎತ್ತುವಂತಿರಲಿಲ್ಲ. ನಾನು ಮುಖ ಸಿಂಡರಿಸಿದರೆ ನಗುತ್ತಿದ್ದಳು.

"ಜ್ವಾಳ ಇಲಿ ತಿಂತೈತಿ, ಇಲಿ ಗೂಗಿ ತಿಂತೈತಿ. ಗೂಗಿ ಕಾರಿದ್ದು ಬುಡಕ್ಕ ಬಿದ್ದು ಮರಕ್ಕ ಗೊಬ್ಬರ ಆಕ್ಕೈತಿ. ಆ ಮರದ ಹುಣಸೀಕಾಯಿ ನೀ ಚಪ್ಪರಿಸಿ ತಿಂತಿ. ಬಾವಿ ಹಗ್ಗ ಇದ್ದಂಗ ಗೌರವ್ವಾ, ಎಲ್ಲಿ ಕಡದ್ರೂ ಕೊಡ ಕೆಳಗ ಹೊಕ್ಕೈತಿ."

ನನ್ನ ಚೊಚ್ಚಲ ಗಂಡುಕೂಸು ಹನ್ನೊಂದು ದಿನ ಇದ್ದು ಹೋಯಿತು. ಓಣಿಯ ಹೆಂಗಸರು ಬಂದು ಅತ್ತರು, ಕಣ್ಣೊರೆಸಿಕೊಂಡು ಹುಣಸೆ ಮರದ ಕಡೆ ನೋಡಿದರು. "ಹಿತ್ತಲದಾಗ ಗೂಗಿ ಕೂಗಿದ ಮನ್ಯಾಗ ತೊಟ್ಟಲಾ ತೂಗೀತೇನವಾ?" ಎಂದಳು ಒಬ್ಬಳು. ಆ ಮಾತು ನನ್ನೊಳಗೆ ಮುಳ್ಳಿನಂತೆ ಮುರಿದು ಉಳಿಯಿತು. ಅತ್ತೆ ಕುಷ್ಟಗಿಯ ತವರಿಗೆ ಹೋದದ್ದೇ ತಡ, ಗಂಡನಿಗೆ ಊಟಕ್ಕೆ ಬಡಿಸುತ್ತ ಹೇಳಿದೆ: "ಆ ಗೂಗಿ ಇರೂತನಕ ನನಗ ಕೂಸು ಉಳಿಯಂಗಿಲ್ರಿ." ಆತ ಅರ್ಧ ಊಟಕ್ಕೇ ಎದ್ದ. ಪೊಟರೆಗೆ ಮೆಣಸಿನಕಾಯಿ ಹೊಗೆ ಹಾಕಿ, ಕಲ್ಲು ತುರುಕಿ, ಮಣ್ಣು ಮೆತ್ತಿದ. ಒಂದು ಗೂಗೆ ಬುಡದಲ್ಲಿ ಸತ್ತು ಬಿತ್ತು. ಇನ್ನೊಂದು ಎತ್ತ ಹೋಯಿತೋ ತಿಳಿಯದು.

ಮರಳಿ ಬಂದ ಅತ್ತೆ ಮರದ ಬುಡದಲ್ಲಿ ಬಿದ್ದಿದ್ದ ಗೂಗೆಯ ಗರಿಗಳನ್ನು ಆರಿಸಿಕೊಂಡಳು.

"ಯಾರು ಹೇಳಿದ್ರೋ ನಿನಗ?" ಎಂದು ಮಗನನ್ನು ಕೇಳಿದಳು.

"ಯಾರೂ ಇಲ್ಲವ್ವ. ನಾನಽ ಮಾಡೀನಿ."

ನಾನು ತಲೆ ಎತ್ತದೆ ಹಿಟ್ಟು ನಾದಿದೆ. ಹಸಿ ಬಾಣಂತಿಗೆ ಯಾರೇನು ಅಂದಾರು?

ಮುಂದಿನ ಸುಗ್ಗಿಯ ಹೊತ್ತಿಗೆ ಇಲಿಗಳು ಹೆಚ್ಚಿದವು. ಹಗೇವಿನ ಗೋಡೆಗೆ ಬಿಲ ಬಿತ್ತು, ಹಗಲಲ್ಲೇ ಅಟ್ಟದ ಮೇಲೆ ಓಡಾಟ. ನಮ್ಮ ಕಾಲ ಮೇಲೇ ಹಾದು ಹೋಗುತ್ತಿದ್ದವು, ಅವಕ್ಕೆ ಹೆದರಿಕೆಯೇ ಇರಲಿಲ್ಲ. ಅತ್ತೆ ಕಡ್ಡಿ ಹಿಡಿದು ಖಾಲಿ ಬುಡದಲ್ಲಿ ಸುಮ್ಮನೆ ಕೂರುವುದನ್ನು ಬಿಡಲಿಲ್ಲ. ಆಮೇಲೆ ನನಗೆ ಹೆಣ್ಣು ಹುಟ್ಟಿತು. ಅದಕ್ಕೆ ನಾಲ್ಕು ತಿಂಗಳಾಗಿದ್ದಾಗ ಒಂದು ಮುಂಜಾನೆ ತೊಲೆಯಿಂದ ಇಲಿಯೊಂದು ಜಾರಿ ಬಿದ್ದು, ಕುಡಿದವರಂತೆ ಎರಡು ಸುತ್ತು ತಿರುಗಿ, ತೊಟ್ಟಿಲ ಕೆಳಗೆ ಸತ್ತಿತು.

ಇಲಿ ಬಿತ್ತು ಎಂದರೆ ಪ್ಲೇಗು. ನಿಜಾಮ ಸರ್ಕಾರದ ಹುಕುಂ ಬರುವವರೆಗೆ ಯಾರೂ ಕಾಯುತ್ತಿರಲಿಲ್ಲ, ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದೇ. ನಾನು ಕೌದಿಗೆ ಕೈ ಹಾಕಿದೆ.

"ಮುಟ್ಟಬ್ಯಾಡ!" ಅತ್ತೆ ಹಾಗೆ ಕಿರುಚಿದ್ದು ಅದೊಂದೇ ಸಲ. "ಕೂಸಿನ್ನ ಎತಗೊಂಡು ಹೊಲಕ್ಕ ನಡಿ. ಕೌದಿ ಅರಿವಿ ಒಂದೂ ಒಯ್ಯಬ್ಯಾಡ, ಇಲಿ ಚಿಕ್ಕಾಡು ಅದರಾಗ ಇರ್ತಾವ. ಸುಟ್ಟು ಬರ್ತೀನಿ ನಾ."

ಆಕೆ ಬರಲಿಲ್ಲ. ನಾಲ್ಕನೆಯ ದಿನ ನಮ್ಮ ಹೊಲದ ಪಕ್ಕದ ಹಳ್ಳದ ಆಚೆ ದಂಡೆಗೆ ಬಂದು ಕೂತಳು. ಮುಖ ಕೆಂಪಾಗಿತ್ತು, ಬಲಗೈ ಮೈಗೆ ಹಚ್ಚದೆ ದೂರ ಹಿಡಿದಿದ್ದಳು. ಕಂಕುಳಲ್ಲಿ ಪ್ಲೇಗಿನ ಗಂಟು ಎದ್ದಿದೆ ಎಂದು ಅಷ್ಟರಿಂದಲೇ ಗೊತ್ತಾಯಿತು. ಗಂಡ ನೀರಿಗಿಳಿದ. ಆಕೆ ಕಲ್ಲು ಎತ್ತಿಕೊಂಡಳು.

"ದಾಟಿದ್ರ ಒಗೀತೀನಿ ನೋಡು!" ಆಮೇಲೆ ನನ್ನನ್ನು ಕೂಗಿದಳು. "ಗೌರವ್ವಾ, ಪೊಟರಿ ಮುಚ್ಚಿಸಿದ್ದು ನೀನಽ ಅಂತ ಗೊತ್ತಿತ್ತು ನನಗ. ಕೂಸು ಹೋದ ಸಂಕಟದಾಗ ಮಾಡೀದಿ. ಅಳಬ್ಯಾಡ, ಹಾಲು ಬತ್ತತಾವ. ಇವತ್ತ ಹಾರಿಕೋಲು ತಗೊಂಡು ಪೊಟರಿ ಕಲ್ಲು ಕಿತ್ತೀನಿ. ಗೂಗಿ ಒಂದ ಬಂದ್ರೂ ಬರಲಿ, ಇರಾಕ ಬಿಡ್ರಿ."

ಅದೇ ಕೊನೆ. ಅದಾದ ಎರಡನೆಯ ದಿನ ಆಕೆಯನ್ನು ಮಣ್ಣು ಮಾಡಿದರೆಂದು ಸುದ್ದಿ ಬಂತು.

ಆ ವರ್ಷ ಎಷ್ಟೋ ಊರಿಗೆ ಪ್ಲೇಗು ಬಂದಿತ್ತು, ಗೂಗೆ ಇದ್ದ ಊರಿಗೂ ಬಂತು ಎಂದು ಜನ ಸಮಾಧಾನ ಹೇಳುತ್ತಾರೆ. ಇರಬಹುದು. ಆದರೆ ನಮ್ಮ ತೊಟ್ಟಿಲ ತನಕ ಇಲಿಗೆ ಹಾದಿ ಬಿಟ್ಟವಳು ನಾನು, ಆಕೆಯನ್ನು ಕೊಂದವಳು ನಾನು.

ಮೂರು ತಿಂಗಳ ಮೇಲೆ ಮನೆಗೆ ಮರಳಿದೆವು. ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ನೇರ ಹಿತ್ತಲಿಗೆ ಓಡಿದೆ. ಅತ್ತೆ ಕಿತ್ತ ಕಲ್ಲು ಬುಡದಲ್ಲಿ ಬಿದ್ದಿತ್ತು, ಪೊಟರೆ ತೆರೆದಿತ್ತು. ಒಳಗೆ ಏನೋ ಸರಿದಾಡಿದ ಸದ್ದಾಯಿತು. ಬಂದುಬಿಟ್ಟಿದೆ ಎಂದು ನಾನು ನಕ್ಕೇಬಿಟ್ಟೆ. ಗಂಡ ಏಣಿ ಹತ್ತಿ ಇಣುಕಿ ಕೆಳಗಿಳಿದ.

ಪೊಟರೆಯ ತುಂಬ ಇಲಿಗಳು ಮರಿ ಹಾಕಿದ್ದವು.